ಷರ್ಬರ್ನಿನ ಮಠವೂ ಕೋಟೆಗಳೂ

ಕಟ್ಟಡದ ಆಯುಸ್ಸು ಕಲ್ಲಿನ ಗಟ್ಟಿತನವೊಂದನ್ನೇ ಅವಲಂಬಿಸಿರುವುದಿಲ್ಲ. ಅದನ್ನು ತಮ್ಮದೆಂದು ಭಾವಿಸುವ ಜನರಿರುವರೇ ಎಂಬುದೂ ಮುಖ್ಯವು. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಷರ್ಬರ್ನ್ ಎಂಬ ಸಂತೆಯ ಪಟ್ಟಣವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಕ್ರಿ. ಶ. ೭೦೫ರಲ್ಲಿ ವೆಸೆಕ್ಸಿನ ಅರಸನಾದ ಈನೆಯ ಕಾಲದಲ್ಲಿ ಇಲ್ಲಿ ಬಿಷಪ್ಪರ ಪೀಠವು ಸ್ಥಾಪಿತವಾಗಲು, ವಿದ್ವಾಂಸನೂ ಕವಿಯೂ ಆದ ಆಲ್ಡ್‌ಹೆಲ್ಮನು ಪ್ರಥಮ ಪೀಠಾಧಿಪತಿಯಾದನು. ಆಲ್‌ಫ್ರೆಡ್ ಮಹಾರಾಜನ ಅಗ್ರಜರಿಬ್ಬರು ಇಲ್ಲಿಯೇ ಸಮಾಧಿಸ್ಥರಾದರು. ೯೯೮ರಲ್ಲಿ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳು ಇಲ್ಲಿ ನೆಲೆಸಿದರು. ೧೦೭೫ರಲ್ಲಿ ಪೀಠವನ್ನು ಬೇರೆಡೆಗೆ ವರ್ಗಾಯಿಸುವ ನಿರ್ಣಯವಾಯಿತು. ಮಠವು ಮಾತ್ರ ಉಳಿಯಿತು.

ಮಠದ ಇಗರ್ಜಿಗೆ ಹೊಂದಿಕೊಂಡಂತೆ ಪಟ್ಟಣಿಗರಿಗಾಗಿ ಆಲ್ ಹ್ಯಾಲೋಸ್ ಎಂಬ ಪ್ರತ್ಯೇಕ ಇಗರ್ಜಿಯಿದ್ದಿತು. ಶಿಶುಗಳ ಜ್ಞಾನಸ್ನಾನವು ಎಲ್ಲಿ ನಡೆಯತಕ್ಕದ್ದೆಂಬ ವಿಷಯದಲ್ಲಿ ಸಂನ್ಯಾಸಿಗಳಿಗೂ ಪಟ್ಟಣಿಗರಿಗೂ ವಿವಾದವುಂಟಾಗಿ, ಅದು ೧೪೩೭ರಲ್ಲಿ ಕಲಹಕ್ಕೆ ತಿರುಗಿತು. ಹದಿನಾರನೆಯ ಶತಮಾನದ ಸಂಚಾರಿಯಾದ ಲೀಲೆಂಡನು ಹೇಳುವಂತೆ, ಕಟುಕನೊಬ್ಬನು ಜ್ಞಾನಸ್ನಾನದ ಕಲ್ಲುತೊಟ್ಟಿಯನ್ನು ಒಡೆದುಹಾಕಿದನು. ಪಟ್ಟಣಿಗರ ಪಾದ್ರಿಯೊಬ್ಬನು ಉರಿಯುವ ಬಾಣವನ್ನು ಹುಲ್ಲುಹೊದಿಕೆಯ ಮೇಲೆ ಬಿಟ್ಟನು. ಸೀಸದ ಮಾಡೂ ಘಂಟೆಗಳೂ ಕರಗಿಹೋದವು. ಅಗ್ನಿಯ ತಾಪಕ್ಕೆ ಕೆಂಪೇರಿದ ಕಲ್ಲುಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಪುನರ್ನಿರ್ಮಾಣದ ವೆಚ್ಚದಲ್ಲಿ ಪಟ್ಟಣಿಗರೂ ಪಾಲು ತೆರಬೇಕಾಯಿತು. ಬೀಸಣಿಗೆಯಂತೆ ಕಲ್ಲಿನ ಏಣುಗಳು ಹರಡಿಕೊಂಡಿರುವ ಅಲ್ಲಿನ ಮೇಲ್ಛಾವಣಿಯು ಆ ಶತಮಾನದ್ದೇ ಆಗಿದೆ.

೧೫೩೯ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಿಂದ ಮಠವು ಮುಚ್ಚಲ್ಪಟ್ಟಿತು. ಆಗ ದೇಶದ ಎಷ್ಟೋ ಮಠಗಳು ಕಲ್ಲಿಗಾಗಿಯೂ ಸೀಸಕ್ಕಾಗಿಯೂ ಕೆಡವಲ್ಪಟ್ಟವು. ಷರ್ಬರ್ನಿನ ಮಠವು ಸರ್ ಜಾನ್ ಹಾರ್ಸಿಯೆಂಬವನ ಕೈಸೇರಲು, ಪಟ್ಟಣಿಗರು ಅವನಿಂದ ಇಗರ್ಜಿಯನ್ನು ಕ್ರಯಕ್ಕೆ ಕೊಂಡು, ತಮ್ಮ ಹಳೆಯ ಇಗರ್ಜಿಯನ್ನೇ ಕೆಡವಿದರು. ಒಂದು ಶತಮಾನದ ಹಿಂದೆ ಕಿಚ್ಚಿಟ್ಟ ಊರೇ ಈಗ ಹಣತೆತ್ತು ಅದನ್ನು ಉಳಿಸಿಕೊಂಡಿತು!

ಕೋಟೆಗಳ ಗತಿಯೇ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಸಾಲ್ಸ್‌ಬರಿಯ ಬಿಷಪ್ಪನಾದ ರೋಜರನು ಕಟ್ಟಿಸಿದ ಹಳೆಯ ಕೋಟೆಯನ್ನು ೧೧೩೯ರಲ್ಲಿ ಸ್ಟೀಫನ್ ದೊರೆಯು ಕಸಿದುಕೊಂಡನು. ಎಲಿಜಬೆತ್ ರಾಣಿಯ ಕೃಪೆಯಿಂದ ೧೫೯೨ರಲ್ಲಿ ಅದನ್ನು ಪಡೆದ ಸರ್ ವಾಲ್ಟರ್ ರಾಲಿಯು ಸಮೀಪದಲ್ಲಿ ನೂತನ ಸೌಧವೊಂದನ್ನು ಕಟ್ಟಿಸಿದನು; ಅದೇ ಈಗಿನ ಹೊಸ ಕೋಟೆಯು. ರಾಜದ್ರೋಹದ ಆರೋಪದಿಂದ ಸೆರೆಸೇರಿದ ಅವನು ಅದನ್ನು ಕಳೆದುಕೊಂಡನು. ೧೬೧೭ರಲ್ಲಿ ಅದು ಡಿಗ್ಬಿ ಮನೆತನದ ಪಾಲಾಯಿತು. ೧೬೪೫ರಲ್ಲಿ ಅಂತರ್ಯುದ್ಧದ ಸಮಯದಲ್ಲಿ ಫೇರ್‌ಫ್ಯಾಕ್ಸನ ಸೇನೆಯು ಹಳೆಯ ಕೋಟೆಯನ್ನು ಹಿಡಿದ ಮೇಲೆ ಅದು ಕೆಡವಲ್ಪಟ್ಟಿತು.

ಹೀಗೆ, ಶತ್ರುವನ್ನು ತಡೆಯಲೆಂದು ಕಟ್ಟಿದ ಗೋಡೆಗಳು ಪಾಳುಬಿದ್ದಿವೆ. ಊರವರೇ ಸುಟ್ಟು ಊರವರೇ ಕಾಪಾಡಿದ ಮಂದಿರದಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತಿದೆ.