ಕಲ್ಲಾಗಿ ಉಳಿದ ಜೀವಕ್ಕೆ ವಾರಸುದಾರರು ಯಾರು?

ದಸರೆಯ ಹೊತ್ತಿಗೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶ ಸ್ವಾಮಿಯ ಕಾರ್ಣಿಕ ಕೇಳಲು ಜನಸಾಗರವೇ ಸೇರುತ್ತದೆ. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಮಾತಿನಲ್ಲಿ ಮುಂದಿನ ಮಳೆ-ಬೆಳೆ, ರಾಜಕೀಯ ಎಲ್ಲವನ್ನೂ ಜನ ಹುಡುಕುತ್ತಾರೆ. ಬರಲಿರುವ ವರ್ಷದ ಬಗ್ಗೆ ಇಷ್ಟು ಕುತೂಹಲವಿರುವ ನಮಗೆ ಕಾಲಡಿಯ ನೆಲದ ಪೂರ್ವಕಥೆ ಮಾತ್ರ ಅಷ್ಟಾಗಿ ತಿಳಿದಿಲ್ಲ.

ಈ ಸೀಮೆಯ ಶಿಲೆಗಳನ್ನು ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಟ್ಟ ಹೆಸರದು. ಅವುಗಳೊಳಗಿನ ಒಂದು ಶಿಲಾಸಮೂಹಕ್ಕೆ ರಾಣೆಬೆನ್ನೂರಿನದೇ ಹೆಸರಿದೆ. ಇವು 250 ಕೋಟಿ ವರ್ಷಗಳಿಗೂ ಹಿಂದಿನವು. ಭೂಮಿಯ ಮೇಲೆ ಪ್ರಾಣಿಗಳೇ ಇಲ್ಲದ ಕಾಲವದು. ಎಲುಬು ಹುಡುಕಿದರೆ ಸಿಗದು. ಆದರೆ ಇದೇ ಧಾರವಾಡ ಶಿಲೆಗಳಲ್ಲಿ ಚಿತ್ರದುರ್ಗದ ಕಡೆ ಸ್ಟ್ರೊಮ್ಯಾಟೊಲೈಟುಗಳು ದೊರೆತಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲುಗಳಿವು. ಅಡ್ಡ ಕತ್ತರಿಸಿದ ಎಲೆಕೋಸಿನಂತೆ ಕಾಣುತ್ತವೆ. ಗುರುತು ತಿಳಿಯದವನಿಗೆ ಅದು ಬರೀ ಕಲ್ಲು.

ಎಲುಬಿನ ಕಥೆ ಬೇಕಿದ್ದರೆ ಗೋಕಾಕಕ್ಕೆ ಹೋಗಬೇಕು. ಅಲ್ಲಿನ ಹಳ್ಳವೊಂದರ ಮಣ್ಣಿನಲ್ಲಿ ಸಿಕ್ಕಿದ ಘೇಂಡಾಮೃಗದ ಅವಶೇಷಗಳನ್ನು ಇದೇ ಫೂಟ್ ಅಧ್ಯಯನ ಮಾಡಿ, 1874ರಲ್ಲಿ 'ರೈನಾಸಿರಸ್ ಡೆಕ್ಕನೆನ್ಸಿಸ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇಂದು ಘೇಂಡಾಮೃಗವನ್ನು ಮೃಗಾಲಯದಲ್ಲಷ್ಟೇ ನೋಡಬಲ್ಲ ನಮ್ಮ ನಾಡಿನಲ್ಲಿ ಅದು ಒಮ್ಮೆ ಮೇಯುತ್ತಿತ್ತು! ದಖ್ಖನ್ನಿನ ಹೆಸರು ವಿಜ್ಞಾನದ ಗ್ರಂಥ ಸೇರಿತು. ಆದರೆ ಅಂಥ ಅವಶೇಷ ನಾಳೆ ರೈತನ ಗುದ್ದಲಿಗೆ ಸಿಕ್ಕರೆ ಅದು ಯಾರದು?

ಕಾನೂನನ್ನು ಕೇಳಿದರೆ ತೃಪ್ತಿಕರ ಉತ್ತರವಿಲ್ಲ. 1878ರ ನಿಧಿ ಕಾಯಿದೆ ನೆಲದಲ್ಲಿ ಅಡಗಿದ ಬೆಲೆಬಾಳುವ ವಸ್ತುವಿನ ಬಗ್ಗೆ ಹೇಳಿತು. ಅದರ ಕಣ್ಣಿದ್ದುದು ಚಿನ್ನ-ನಾಣ್ಯದ ಮೇಲೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಕಟ್ಟಡ, ಗುಹೆ, ಶಿಲ್ಪ, ಶಾಸನಗಳನ್ನು ಕಾಯುತ್ತದೆ. ದೇಶದ ಪ್ರಾಚ್ಯವಸ್ತುಗಳ ರಫ್ತನ್ನು ನಿರ್ಬಂಧಿಸಿದ 1972ರ ಕಾಯಿದೆಗೂ ಮುಖ್ಯವಾದುದು ಮನುಷ್ಯನ ಕೈಕೆಲಸವೇ. ನೂರು ವರ್ಷದ ವಿಗ್ರಹಕ್ಕೆ ರಕ್ಷಣೆಯಿದೆ, ಇನ್ನೂರೈವತ್ತು ಕೋಟಿ ವರ್ಷದ ಜೀವದ ಗುರುತಿಗೆ ಇಲ್ಲ. 1957ರ ಗಣಿ ಕಾಯಿದೆಯ ಲೆಕ್ಕದಲ್ಲಂತೂ ಕಲ್ಲೆಂದರೆ ಖನಿಜ, ಖನಿಜವೆಂದರೆ ರಾಯಧನ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಕೆಲವು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿರುವುದು ನಿಜ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ ಆ ಪಟ್ಟಿಯಲ್ಲಿವೆ. ಪಟ್ಟಿ ಗೌರವ ಕೊಡುತ್ತದೆಯೇ ಹೊರತು ಅದರ ಹಿಂದೆ ಪ್ರತ್ಯೇಕ ಕಾಯಿದೆಯ ಬಲವಿಲ್ಲ.

ಬ್ರೆಜಿಲ್ ಈ ಪ್ರಶ್ನೆಯನ್ನು 1942ರಲ್ಲೇ ಬಗೆಹರಿಸಿತು: ಪಳೆಯುಳಿಕೆ ಯಾರ ಜಮೀನಿನಲ್ಲಿ ಸಿಕ್ಕರೂ ರಾಷ್ಟ್ರದ ಸ್ವತ್ತು. ಅಲ್ಲಿಂದ ಜರ್ಮನಿಯ ವಸ್ತುಸಂಗ್ರಹಾಲಯ ಸೇರಿದ್ದ 'ಉಬಿರಜಾರ' ಎಂಬ ಪುಟ್ಟ ಡೈನೊಸಾರಿನ ಅವಶೇಷ 2020ರ ಕೊನೆಗೆ ಲೇಖನವೊಂದರಲ್ಲಿ ಪ್ರಕಟವಾದಾಗ ಬ್ರೆಜಿಲಿನ ವಿಜ್ಞಾನಿಗಳೂ ಜನಸಾಮಾನ್ಯರೂ ಪ್ರತಿಭಟಿಸಿದರು. 2023ರಲ್ಲಿ ಅದು ತಾಯ್ನೆಲಕ್ಕೆ ಮರಳಿತು. ಹಳೆಯ ಕಾನೂನು ಇಲ್ಲದಿದ್ದರೆ ಆ ಕೂಗಿಗೆ ಆಧಾರವೇ ಇರುತ್ತಿರಲಿಲ್ಲ.

ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯವು ಭೂಪರಂಪರೆಯ ತಾಣ ಹಾಗೂ ಅವಶೇಷಗಳ ರಕ್ಷಣೆಗೆ ಕರಡು ಮಸೂದೆ ಹೊರಡಿಸಿತು. ಪಳೆಯುಳಿಕೆಗಳೂ ಅದರಲ್ಲಿ ಸೇರಿದ್ದವು. ಎಲ್ಲ ಅಧಿಕಾರ ಒಂದೇ ಸಂಸ್ಥೆಯ ಕೈಸೇರುತ್ತದೆಂದು ಸಂಶೋಧಕರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಸಾರ್ವಜನಿಕ ಸ್ವತ್ತು ಎಂಬುದು ಸರ್ಕಾರಿ ಇಲಾಖೆಯ ಖಾಸಗಿ ಸ್ವತ್ತಾಗಬಾರದು. ಕಲ್ಲು ಸಿಕ್ಕ ಊರಿನವರಿಗೆ, ಓದುವ ವಿದ್ಯಾರ್ಥಿಗೆ ಅದನ್ನು ನೋಡುವ ಹಕ್ಕಿರಬೇಕು. ಆದರೆ ಆಕ್ಷೇಪವಿದೆಯೆಂದು ಕರಡನ್ನು ಮೂಲೆಗೆ ಸೇರಿಸುವುದೂ ಸರಿಯಲ್ಲ. ಕ್ರಷರುಗಳಿಗೆ ಆ ಸಾವಧಾನವಿಲ್ಲ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಕಟ್ಟಡದ ಕಲ್ಲಿನ ಕ್ವಾರಿಗಳಿಗೆ ಗುತ್ತಿಗೆ ಕೊಡುವ ನಿಯಮ ರೂಪಿಸುವ ಅಧಿಕಾರ ರಾಜ್ಯದ್ದೇ. ಗುತ್ತಿಗೆಗೆ ಮುನ್ನ ಭೂವಿಜ್ಞಾನಿಯೊಬ್ಬರು ಬಂಡೆಯನ್ನು ಕಣ್ಣಾರೆ ನೋಡಿ ವರದಿ ಕೊಡಬೇಕೆಂದು ಒಂದು ಸಾಲು ಸೇರಿಸಲು ಬೆಂಗಳೂರು ದಿಲ್ಲಿಯ ದಾರಿ ಕಾಯಬೇಕಿಲ್ಲ.