ಹಿನ್ನೀರಿನ ಅತಿಥಿಗಳು

1340ರ ದಶಕದ ಆರಂಭ. ಕಲ್ಲಿಕೋಟೆಯ ಕಡಲ ತೀರದಲ್ಲಿ ಇಬ್ನ್ ಬತೂತಾ ಒಂಟಿಯಾಗಿ ನಿಂತಿದ್ದ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಚೀನಾದ ದೊರೆಗೆ ಕಳುಹಿಸಿದ್ದ ಉಡುಗೊರೆಗಳ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದಿತ್ತು. ಅವನ ಸ್ವಂತ ಸಾಮಾನುಗಳಿದ್ದ ಇನ್ನೊಂದು ಹಡಗು ಅವನನ್ನು ಬಿಟ್ಟು ಹೊರಟುಹೋಗಿತ್ತು. ಕೈಯಲ್ಲಿ ಉಳಿದದ್ದು ಹತ್ತು ದೀನಾರು ಮತ್ತು ಮಲಗಲು ಒಂದು ಜಮಖಾನೆ. ಹೋದ ಹಡಗು ಕೊಲ್ಲಂ ಬಂದರಿಗೆ ಬಂದೇ ಬರುತ್ತದೆಂದು ಜನ ಹೇಳಿದರು. ನೆಲದ ಮೇಲೆ ಹೋದರೂ ನೀರಿನ ಮೇಲೆ ಹೋದರೂ ಹತ್ತು ದಿನಗಳ ಹಾದಿ. ಅವನು ದೋಣಿ ಹತ್ತಿದ.

ಆ ಪ್ರಯಾಣದ ಕ್ರಮವನ್ನು ಅವನ ಪ್ರವಾಸ ಕಥನವೇ ಹೇಳುತ್ತದೆ. ಸಂಜೆಯಾದೊಡನೆ ದೋಣಿ ದಡ ಸೇರುತ್ತಿತ್ತು. ಪ್ರಯಾಣಿಕರು ರಾತ್ರಿ ದಡದ ಊರುಗಳಲ್ಲಿ ತಂಗಿ, ಬೆಳಿಗ್ಗೆ ಮತ್ತೆ ದೋಣಿಗೆ ಮರಳುತ್ತಿದ್ದರು. ಜಮಖಾನೆ ಹೊರಲು ಗೊತ್ತುಮಾಡಿಕೊಂಡಿದ್ದವನನ್ನು ಬಿಟ್ಟರೆ ದೋಣಿಯಲ್ಲಿ ಬೇರೆ ಮುಸ್ಲಿಮರಿರಲಿಲ್ಲ. ಆತನೋ ದಡ ಸಿಕ್ಕಿದ ಕೂಡಲೇ ಕುಡಿದು ಗಲಾಟೆ ಮಾಡುತ್ತಿದ್ದ. ದಿಲ್ಲಿಯಲ್ಲಿ ಕಾಜಿಯಾಗಿದ್ದವನ ಫಜೀತಿಯನ್ನು ಊಹಿಸಿಕೊಳ್ಳಿ!

ಮಲಬಾರಿನ ದಾರಿಯಲ್ಲಿ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆ, ಬಾವಿ, ನೀರು ಕೊಡಲು ಒಬ್ಬ ಆಳು ಇರುತ್ತಿದ್ದುದನ್ನೂ ಅವನು ಬರೆದಿದ್ದಾನೆ. ಹಿಂದೂ ಪ್ರಯಾಣಿಕನಿಗೆ ನೀರು ಪಾತ್ರೆಯಲ್ಲಿ ಸಿಗುತ್ತಿತ್ತು, ಮುಸ್ಲಿಮನಿಗೆ ಬೊಗಸೆಗೆ ಸುರಿಯುತ್ತಿದ್ದರು. ಆದ್ದರಿಂದ ಹಳೆಯ ಕಾಲವನ್ನು ಹೊಗಳಿ ಕೂರಬೇಕಾಗಿಲ್ಲ; ಆ ಆತಿಥ್ಯದೊಳಗೆ ಮಡಿ-ಮೈಲಿಗೆಯೂ ಇತ್ತು. ಆದರೆ ನೀರ ಹಾದಿ ಯಾರದೆಂಬ ಬಗ್ಗೆ ಸಂಶಯವಿರಲಿಲ್ಲ. ಅದು ದಡದಲ್ಲಿ ಬದುಕುವವರದು. ಬಂದವನು ಅವರ ಅತಿಥಿ.

ಇದೇ ಕೇರಳದ ಹಿನ್ನೀರಿನಲ್ಲಿ ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದುದು ಕೆಟ್ಟುವಳ್ಳಂ. 'ಕೆಟ್ಟು' ಎಂದರೆ ನಮ್ಮ 'ಕಟ್ಟು'. ಹೆಬ್ಬಲಸಿನ ಹಲಗೆಗಳನ್ನು ಒಂದೂ ಮೊಳೆ ಬಡಿಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರು ಸಿಪ್ಪೆಯ ಎಣ್ಣೆ ಬಳಿದು ಸಿದ್ಧಪಡಿಸುವ ದೋಣಿಯದು. ಬಿದಿರಿನ ಗಳ ಊರಿ ಅದನ್ನು ನಡೆಸುತ್ತಿದ್ದರು. ರಸ್ತೆಗಳೂ ಲಾರಿಗಳೂ ಬಂದ ಮೇಲೆ ಅದಕ್ಕೆ ಕೆಲಸ ಇಲ್ಲದಾಯಿತು. 1990ರ ದಶಕದಲ್ಲಿ ಮತ್ತೆ ಜೀವ ಬಂದದ್ದು ಹೌಸ್‌ಬೋಟ್ ರೂಪದಲ್ಲಿ. ಅಕ್ಕಿ ಮೂಟೆಯ ಜಾಗದಲ್ಲಿ ಮಂಚ, ಗಳದ ಜಾಗದಲ್ಲಿ ಡೀಸೆಲ್ ಎಂಜಿನ್.

ಇದರಿಂದ ಅನೇಕರ ಒಲೆ ಉರಿಯಿತು, ನಿಜ. ಆದರೆ ಕುಟ್ಟನಾಡಿನ ಹೆಂಗಸರಿಗೆ ನದಿಯ ಕಡವೆಂದರೆ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ, ಮೀಯುವ ಜಾಗ, ಮನೆಯ ಹಿತ್ತಿಲು. ಅಲ್ಲಿಗೀಗ ಕ್ಯಾಮರಾ ಹಿಡಿದವರ ಕಣ್ಣು ಬಿತ್ತು. ಎಣ್ಣೆ, ಎಂಜಲು, ಶೌಚದ ನೀರು ವೆಂಬನಾಡ್ ಸರೋವರ ಸೇರಿತು. ಬೇರೊಬ್ಬರ ಹಿತ್ತಿಲಲ್ಲಿ ನಿಂತು ಅವರ ಮನೆಯ ಹೆಣ್ಣುಮಕ್ಕಳ ಫೋಟೊ ತೆಗೆಯಲು ನಮ್ಮಲ್ಲಿ ಯಾರಾದರೂ ಬಿಡುತ್ತೇವೆಯೇ? 2008ರಲ್ಲಿ ಕುಮರಕಂನಲ್ಲಿ ಸರಕಾರ ಬೇರೊಂದು ದಾರಿ ಹಿಡಿಯಿತು. ಹೋಟೆಲುಗಳು ಸ್ಥಳೀಯ ಮಹಿಳಾ ಗುಂಪುಗಳು ಬೆಳೆದ ತರಕಾರಿ ಕೊಳ್ಳುವ, ಊರವರೇ ಪ್ರವಾಸಿಗರಿಗೆ ಊರು ತೋರಿಸುವ ಏರ್ಪಾಡದು. ಹೌಸ್‌ಬೋಟುಗಳು ಉಡುಪಿ ಬಳಿಯ ಸ್ವರ್ಣಾ ನದಿಗೂ ಬಂದಿರುವುದರಿಂದ ಈ ಅನುಭವ ನಮ್ಮ ಕರಾವಳಿಗೂ ಬೇಕಾದದ್ದು.

ಮರ್ಯಾದೆಯ ಮಾತಿಗಿಂತಲೂ ದೊಡ್ಡದು ಜೀವದ ಮಾತು. 1924ರ ಜನವರಿಯಲ್ಲಿ ಕೊಲ್ಲಂನಿಂದ ಆಲಪ್ಪುಳಕ್ಕೆ ಹೊರಟಿದ್ದ 'ರಿಡೀಮರ್' ಬೋಟು ಪಲ್ಲನದಲ್ಲಿ ಮಗುಚಿ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತೀರಿಕೊಂಡರು. ಬೋಟಿನಲ್ಲಿ ಮಿತಿಮೀರಿ ಜನರಿದ್ದರು. ಸುಮಾರು ನೂರು ವರ್ಷಗಳ ನಂತರ, 2023ರ ಮೇ 7ರಂದು, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮತ್ತೆ ಅದೇ ಕಥೆ. ರಜೆಯ ಭಾನುವಾರ ವಿಹಾರಕ್ಕೆ ಬಂದವರನ್ನು ಮಿತಿಮೀರಿ ತುಂಬಿಕೊಂಡ ಬೋಟು ಅಳಿವೆಯ ಹತ್ತಿರ ಮಗುಚಿ 22 ಮಂದಿ ಸತ್ತರು. ಒಂದೇ ಕುಟುಂಬದ 11 ಜನ ಅದರಲ್ಲಿದ್ದರು. ಮೀನುಗಾರಿಕೆಯ ದೋಣಿಯನ್ನು ವಿಹಾರದ ಬೋಟಾಗಿ ಮಾರ್ಪಡಿಸಲಾಗಿತ್ತೆಂಬುದು ಆಮೇಲೆ ಹೊರಬಂತು.

ಇಬ್ನ್ ಬತೂತಾನ ದೋಣಿ ದಡ ಸೇರಿರುತ್ತಿದ್ದ ಹೊತ್ತು ಕಳೆದ ಮೇಲೆ, ಕತ್ತಲಲ್ಲಿ ಅದು ನೀರಿನ ಮೇಲಿತ್ತು. ಕೂಗು ಕೇಳಿ ಸಣ್ಣ ದೋಣಿಗಳಲ್ಲಿ ಮೊದಲು ಧಾವಿಸಿದವರು ದಡದ ಮೀನುಗಾರರು, ಅಕ್ಕಪಕ್ಕದ ಮನೆಗಳವರು.