ಸುಣ್ಣಕಟ್ಟು ಶಿಲೀಂಧ್ರಗಳ ಕುಟುಂಬನಿರ್ಣಯ

ರೇಷ್ಮೆಹುಳುವೊಂದು ಸತ್ತ ಮೇಲೆ ಕೊಳೆತು ನಾರದೆ, ಮೈ ಸೆಟೆದು, ತೊಗಲಿನ ಮೇಲೆಲ್ಲ ಬಿಳಿಯ ಹುಡಿ ತಳೆದು ಸೀಮೆಸುಣ್ಣದ ಕಡ್ಡಿಯಂತಾದರೆ ನಮ್ಮ ಬೆಳೆಗಾರರು ಅದನ್ನು ಸುಣ್ಣಕಟ್ಟು ರೋಗವೆನ್ನುತ್ತಾರೆ; ಹುಡಿ ಹಸಿರಾದರೆ ಹಸಿರು ಸುಣ್ಣಕಟ್ಟು. ಇಟಲಿಯ ಒಕ್ಕಲಿಗರೂ ಇದೇ ವ್ಯಾಧಿಗೆ ತಮ್ಮ ನುಡಿಯ ಸುಣ್ಣದಿಂದಲೇ ‘ಕಾಲ್ಚಿನೋ’ ಎಂಬ ಹೆಸರನ್ನು ಕಟ್ಟಿಕೊಂಡಿದ್ದರು.

ಕಣ್ಣಿಗೆ ಕಂಡ ರೂಪದಿಂದಲೇ ಹೆಸರಿಡುವ ಈ ಕ್ರಮ ವಿದ್ವಾಂಸರಲ್ಲಿಯೂ ಬಹುಕಾಲ ನಡೆಯಿತು. ರೋಗಕ್ಕೆ ಸಜೀವವಾದ ಶಿಲೀಂಧ್ರವೇ ಕಾರಣವೆಂದು ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಪ್ರಕಟಿಸಿದ ಬಳಿಕ, ಬಾಲ್ಸಾಮೊ-ಕ್ರಿವೆಲ್ಲಿ ಅದಕ್ಕೆ ಬಾಸ್ಸಿಯ ಹೆಸರನ್ನೇ ಇತ್ತು ಬೊಟ್ರೈಟಿಸ್ ಕುಲದಲ್ಲಿ ಸೇರಿಸಿದನು. 1883ರಲ್ಲಿ ಅಮೆರಿಕದ ಫಾರ್ಲೋ, ಹಸಿರು ಹುಡಿಯ ರೈಲಿಯಿ ಎಂಬ ಪ್ರಭೇದವನ್ನೂ ಅದೇ ಕುಲಕ್ಕೆ ತಂದನು. ಮುಂದೆ ಬಿಳಿಯದು ಬ್ಯೂವೇರಿಯ ಎಂದು 1912ರಲ್ಲಿಯೂ, ಹಸಿರಿನದು ನೊಮೂರಿಯ ಎಂದು 1974ರಲ್ಲಿಯೂ ಬೇರೆಯಾದುವು.

ಇದಕ್ಕಿಂತ ಗಹನವಾದ ತೊಡಕು ಶಿಲೀಂಧ್ರದ ಜೀವನಕ್ರಮದಲ್ಲಿಯೇ ಇತ್ತು. ಒಂದೇ ಜೀವಿಯು ಒಮ್ಮೆ ಹುಡಿಯಂಥ ಅಲೈಂಗಿಕ ಬೀಜಾಣುಗಳನ್ನು ಉದುರಿಸುತ್ತ, ಇನ್ನೊಮ್ಮೆ ಕೀಟದ ಕಳೇಬರವನ್ನು ಭೇದಿಸಿಕೊಂಡು ಗದೆಯಂಥ ಲೈಂಗಿಕ ದಂಡವನ್ನೆತ್ತುತ್ತ ಇರುವುದರಿಂದ, ಎರಡು ಅವಸ್ಥೆಗಳಿಗೆ ಎರಡು ಹೆಸರುಗಳು ಶಾಸ್ತ್ರಸಮ್ಮತವಾಗಿಯೇ ನಡೆದುಬಂದುವು. ಒಂದೇ ಹೊಲಕ್ಕೆ ಎರಡು ಪಹಣಿ ಬರೆದಂತೆ! ಮೆಲ್ಬರ್ನ್ ಸಮ್ಮೇಳನವು 2011ರಲ್ಲಿ ಈ ಪದ್ಧತಿಯನ್ನು ರದ್ದುಗೊಳಿಸಿತು. ಬ್ಯೂವೇರಿಯದ ಲೈಂಗಿಕ ರೂಪವು ಚೀನಾದಲ್ಲಿ ದೊರೆತು 2001ರಲ್ಲಿ ಕಾರ್ಡಿಸೆಪ್ಸ್ ಬಾಸ್ಸಿಯಾನ ಎನಿಸಿಕೊಂಡಿತ್ತಾದರೂ, 2017ರ ಪರಿಷ್ಕರಣದಲ್ಲಿ ಬ್ಯೂವೇರಿಯ ಎಂಬುದೇ ಉಳಿಯಿತು. ಜೈವಿಕ ಕೀಟನಾಶಕದ ಪೊಟ್ಟಣಗಳ ಮೇಲೆ ರೂಢವಾದ ಹೆಸರನ್ನು ಕೀಳದಿದ್ದುದು ವಿವೇಕವೆಂದೇ ನನ್ನ ಮತ.

ಆದರೆ ಕುಟುಂಬಗಳ ಮೇರೆಯನ್ನೇ ಕದಲಿಸಿದುದು 2007ರ ಸಂಶೋಧನೆ. ಸುಂಗ್ ಮತ್ತು ಸಂಗಡಿಗರು 162 ಮಾದರಿಗಳಲ್ಲಿ ಐದರಿಂದ ಏಳು ವಂಶವಾಹಿಗಳನ್ನು ಹೋಲಿಸಿ, ಕ್ಲಾವಿಸಿಪಿಟೇಸಿಯೆ ಎಂಬ ಅವಿಭಕ್ತ ಕುಟುಂಬವನ್ನು ಮೂರು ಪಾಲು ಮಾಡಿದರು. ಕಾರ್ಡಿಸೆಪ್ಸ್ ಎಂಬ ಹೆಸರು, ನಿಯಮಾನುಸಾರ, ಅದರ ಮಾದರಿ ಪ್ರಭೇದವಾದ ಕಿತ್ತಳೆ ಬಣ್ಣದ ಮಿಲಿಟಾರಿಸ್ ಇದ್ದೆಡೆಯಲ್ಲಿಯೇ ನಿಂತಿತು. ಹಿಮಾಲಯದ ಬೆಲೆಬಾಳುವ ಸೈನೆನ್ಸಿಸ್ ಮಾತ್ರ, ಸಿಂಹಳದಲ್ಲಿ ದುಡಿದ ಪೆಚ್ 1931ರಲ್ಲಿ ನಿರ್ಮಿಸಿದ್ದ ಓಫಿಯೊಕಾರ್ಡಿಸೆಪ್ಸ್ ಕುಲಕ್ಕೆ ಹೋಯಿತು. ಅಂಗಡಿಯವರು ಇದನ್ನು ಕಿವಿಗೆ ಹಾಕಿಕೊಂಡಂತಿಲ್ಲ. ಮಾರಾಟ ಇಂದಿಗೂ ಹಳೆಯ ಹೆಸರಿನಲ್ಲಿಯೇ.

ಈ ಪಾಲಿನಲ್ಲಿ ಬಿಳಿಯ ಸುಣ್ಣಕಟ್ಟು ಕಾರ್ಡಿಸಿಪಿಟೇಸಿಯೆಗೆ ಸೇರಿತು. ರೈಲಿಯಿಯಾದರೋ 2014ರಲ್ಲಿ ಮೆಟಾರೈಜಿಯಮ್ ಎನಿಸಿ, ಕ್ಲಾವಿಸಿಪಿಟೇಸಿಯೆಯಲ್ಲಿ ಉಳಿಯಿತು. ಒಂದೇ ತಟ್ಟೆಯ ಹುಳುಗಳನ್ನು ಕೊಲ್ಲುವ ಬಿಳಿಯದಕ್ಕಿಂತ, ಸಜ್ಜೆಯ ತೆನೆಯಲ್ಲಿ ಜೇನಿನಂಥ ಅಂಟನ್ನು ಒಸರಿಸುವ ಕ್ಲಾವಿಸೆಪ್ಸ್ ಅದಕ್ಕೆ ಹತ್ತಿರದ ನೆಂಟ.